ಜಯನಗರದ ಮಳೆನೀರು ಕೇಂದ್ರ: ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ

ಬೆಂಗಳೂರಿನ ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರ ಇದೆ. ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ತುಂಬಾ ಇಷ್ಟವಾಯಿತು.

ಇಲ್ಲಿ ಸುಮ್ನೆ ಬೋರ್ಡ್ ಓದಿಸಿ ಕಳಿಸುವುದಿಲ್ಲ. ಚಾವಣಿ ಮೇಲೆ ಬಿದ್ದ ನೀರು ಪೈಪಿನಲ್ಲಿ ಇಳಿದು, ಸೋಸಿಕೊಂಡು, ಸಂಪಿಗೋ ಇಂಗುಗುಂಡಿಗೋ ಹೇಗೆ ಹೋಗುತ್ತದೆ ಅಂತ ಮಾದರಿಗಳನ್ನೇ ಮಾಡಿ ಇಟ್ಟಿದ್ದಾರೆ. ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ಮಳೆ ಅಂದರೆ 1 ಲೀಟರ್ ನೀರು. 100 ಚದರ ಮೀಟರ್ ಚಾವಣಿಗೆ 20 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್! ಗಿಡಕ್ಕೆ, ಅಂಗಳಕ್ಕೆ ಎಷ್ಟು ದಿನ ಬರುತ್ತದೆ ನೋಡಿ.

2024ರ ಮಾರ್ಚ್‌ನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿದಾಗ ನಮ್ಮ ಬೀದಿಯ ಪೈಪುಗಳೆಲ್ಲ ಒಳಗೆ ಹೋಗಿದ್ದವು, ಮಳೆ ಶುರುವಾದ ಮೇಲೆ ಒಂದೊಂದೇ ಹೊರಗೆ ಬಂದವು. ದಂಡದ ಭಯ ಇರುವುದೇ ಅಷ್ಟು ದಿನ ಅಲ್ವಾ. ಕಣ್ಣಾರೆ ಕಂಡದ್ದು ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ. ದಿನಾ ಬೆಳಿಗ್ಗೆ ಗೇಟಿನ ತನಕ ಪೈಪ್ ಬಿಡುತ್ತಿದ್ದ ಅತ್ತೆ, ಈಗ ಅರ್ಧ ಬಕೆಟ್ ನೀರು ಚಿಮುಕಿಸಿ ರಂಗೋಲಿ ಹಾಕುತ್ತಾರೆ. ಅಕ್ಕಿ ತೊಳೆದ ನೀರು ತುಳಸಿಗೆ.

ಮನೆ ಕಟ್ಟಿಸುತ್ತಿರುವವರು ನಿಮ್ಮ ಪ್ಲಂಬರ್‌ನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಚಾವಣಿಯ ಅಳತೆ ಬರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.