ಬ್ರಯಾರ್: ನೆಟ್ ಕಡಿದಾಗಲೂ ದಾಟುವ ಮೆಸೇಜ್

ನಡುವೆ ಸರ್ವರ್ ಇಲ್ಲದ ಆಂಡ್ರಾಯ್ಡ್ ಆ್ಯಪ್ ಇದು. ನೆಟ್ ಇದ್ದರೆ ಟಾರ್ (ಯಾರು ಯಾರೊಡನೆ ಮಾತಾಡುತ್ತಿದ್ದಾರೆಂಬುದನ್ನು ಮರೆಮಾಡುವ ಜಾಲ), ಇಲ್ಲದಿದ್ದರೆ ವೈಫೈ, ಬ್ಲೂಟೂತ್. 2023ರಲ್ಲಿ ಕೇಂದ್ರ ಸರ್ಕಾರ ತಡೆದ ಆ್ಯಪ್‌ಗಳಲ್ಲಿ ಇದೂ ಒಂದು.

ಬ್ಲೂಟೂತ್ ಹತ್ತಿಪ್ಪತ್ತು ಮೀಟರಿನ ಮಾತು. ತೋಟದಾಚೆಯ ಮನೆಗೆ ತಲುಪದು. ಆದರೆ ಇದರ ಫೋರಂ, ಅಂದರೆ ಹಲವರು ಸೇರಿ ಬರೆಯುವ ಚರ್ಚೆಯ ಜಾಗ, ಮಲೆನಾಡಿಗೆ ಹೇಳಿ ಮಾಡಿಸಿದ್ದು: ಆಗುಂಬೆಯಲ್ಲಿ ಹಾಕಿದ ಬರಹವನ್ನು ಬಸ್ಸಿನಲ್ಲಿ ಬಂದ ಸದಸ್ಯರ ಫೋನು ತೀರ್ಥಹಳ್ಳಿಯ ಸದಸ್ಯರಿಗೆ ದಾಟಿಸುತ್ತದೆ, ದಾಟಿಸುವವರೂ ಪಡೆಯುವವರೂ ಪರಸ್ಪರ ಕಾಂಟ್ಯಾಕ್ಟ್ ಆಗಿ ಆ ಫೋರಂ ಹಂಚಿಕೊಂಡಿದ್ದರೆ ಸಾಕು. ಖಾಸಗಿ ಮೆಸೇಜಿಗೆ ಈ ಅನುಕೂಲವಿಲ್ಲ, ಸಾಮಾನ್ಯವಾಗಿ ಎರಡೂ ಫೋನು ಒಂದೇ ಹೊತ್ತಿಗೆ ಸಂಪರ್ಕದಲ್ಲಿರಬೇಕು.

ಎದುರಾ ಎದುರು ಕೂತು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸೇರಿಸಿಕೊಳ್ಳುವುದೇ ಭದ್ರ. ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಆ್ಯಪನ್ನು ಹೊರಗಿಡಿ, ಇಲ್ಲದಿದ್ದರೆ ಫೋನೇ ಅದನ್ನು ನಿಲ್ಲಿಸಿಬಿಡುತ್ತದೆ. ಪಾಸ್‌ವರ್ಡ್ ಮರೆತರೆ ಖಾತೆ ಹೋಯಿತೆಂದೇ ಲೆಕ್ಕ. ಐಫೋನಿಗೆ ಇಲ್ಲದಿರುವುದು ದೊಡ್ಡ ಕೊರತೆ.