ಬೆಂಗಳೂರಿಗೆ ಹನಿಮೂನಿಗೆ ಹೋದರೆ ಊಟ ಎಲ್ಲಿ? ತಿಂದು ನೋಡಿದವರ ಹೋಲಿಕೆ

ಬೆಂಗಳೂರಿನವರು ಮದುವೆಯಾದ ಕೂಡಲೇ ಆಗುಂಬೆ, ಕೊಪ್ಪ, ಶೃಂಗೇರಿ ಅಂತ ನಮ್ಮ ಕಡೆ ಹೋಮ್‌ಸ್ಟೇ ಹುಡುಕಿಕೊಂಡು ಬರುತ್ತಾರೆ. ನಾವು ತೀರ್ಥಹಳ್ಳಿ ಕಡೆಯವರು. ಹುಟ್ಟಿದಾಗಿಂದ ಮಳೆ, ಮಂಜು, ಉಂಬಳ ನೋಡಿದ್ದೇ ನೋಡಿದ್ದು. ಹಾಗಾಗಿ ಶಿವಮೊಗ್ಗದಲ್ಲಿ ರೈಲು ಹತ್ತಿ ಬೆಂಗಳೂರಿಗೇ ಹೋದೆವು. 'ಹನಿಮೂನಿಗೆ ಯಾರಾದ್ರೂ ಬೆಂಗಳೂರಿಗೆ ಹೋಗ್ತಾರೇನೇ?' ಅಂತ ನಕ್ಕವರೇ ಆಮೇಲೆ ಹೋಟೆಲ್ ಪಟ್ಟಿ ಕಳಿಸಿದರು. ಭಾವನದ್ದೊಂದು, ಚಿಕ್ಕಮ್ಮನ ಮಗಳದ್ದೊಂದು, ಇವರ ಆಫೀಸಿನವರದ್ದೊಂದು. ಎಲ್ಲವನ್ನೂ ಮುಗಿಸಬೇಕೆಂದರೆ ಮಧ್ಯರಾತ್ರಿಯೂ ಎದ್ದು ಉಣ್ಣಬೇಕಿತ್ತು.

ಆ ಪಟ್ಟಿಗಳೆಲ್ಲ ರುಚಿಯ ಮೇಲೆ ಮಾಡಿದ್ದು. ದೋಸೆ ಎಲ್ಲಿ ಚೆನ್ನ, ಬಿರಿಯಾನಿ ಎಲ್ಲಿ ಚೆನ್ನ ಅಂತ. ಹೊಸದಾಗಿ ಮದುವೆಯಾದವರಿಗೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಅಲ್ಲಿ ಕೂರೋಕೆ ಬಿಡ್ತಾರಾ? ನಮ್ಮ ಕಡೆ ಮದುವೆ ಅಂದರೆ ಗೊತ್ತಲ್ವಾ. ಚಪ್ಪರ, ಬೀಗರೂಟ, ನೆಂಟರ ಮನೆಗಳಿಗೆ ಸುತ್ತಾಟ. ಇಬ್ಬರೇ ಎದುರೆದುರು ಕೂತು ಅರ್ಧ ಗಂಟೆ ಮಾತಾಡಲು ಸಿಗುವುದು ಮನೆ ಬಿಟ್ಟು ಹೊರಟ ಮೇಲೇ. ಹಾಗಾಗಿ ನನ್ನ ಹೋಲಿಕೆಯಲ್ಲಿ ರುಚಿಗೆ ಎಷ್ಟು ಬೆಲೆಯೋ, ಮೇಜಿನ ಮುಂದೆ ಸಿಗುವ ಹೊತ್ತಿಗೂ ಅಷ್ಟೇ ಬೆಲೆ.

ದೋಸೆಯಿಂದ ಶುರು ಮಾಡೋಣ. ಬೆಂಗಳೂರಲ್ಲಿ ದೋಸೆ ಅಂದರೆ ಎರಡು ಪಕ್ಷ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಒಂದು, ಮಲ್ಲೇಶ್ವರದ ಸಿಟಿಆರ್ ಇನ್ನೊಂದು. ಸಿಟಿಆರ್‌ಗೆ ಈಗ ಶ್ರೀ ಸಾಗರ್ ಅಂತ ಬೋರ್ಡು. ಆದರೆ ಆಟೋದವರಿಗೆ ಸಿಟಿಆರ್ ಅಂದರೇ ಬೇಗ ಅರ್ಥವಾಗುತ್ತದೆ.

ವಿದ್ಯಾರ್ಥಿ ಭವನ ಶುರುವಾಗಿದ್ದು 1943ರಲ್ಲಿ. ಗೋಡೆಯ ಮೇಲೆ ನಮ್ಮ ಸಾಹಿತಿಗಳ ಚಿತ್ರಗಳು. ಪಂಚೆ ಉಟ್ಟ ಸಪ್ಲೈಯರ್ ಅಂಗೈಯಿಂದ ತೋಳಿನವರೆಗೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುತ್ತಾರೆ. ಆ ಗದ್ದಲದಲ್ಲಿ ಒಂದು ತಟ್ಟೆಯೂ ಅಲ್ಲಾಡುವುದಿಲ್ಲ. ನಮ್ಮ ಮೇಜಿಗೆ ಬಂದಾಗ ಮೇಲಿನಿಂದ ಒಂದೊಂದೇ ತೆಗೆದು ಮುಂದಿಟ್ಟು, ಹಿಂದೆ ತಿರುಗಿ ನೋಡದೆ ಮುಂದಿನ ಮೇಜಿಗೆ ಹೋದರು. ದೋಸೆ ಸಣ್ಣದು, ದಪ್ಪ, ಹೊರಗೆ ಗರಿಗರಿ, ತುಪ್ಪದ ಘಮ. ಜೊತೆಗೆ ನೀರಾದ ಕಾಯಿ ಚಟ್ನಿ, ಸಾಂಬಾರ್ ಇಲ್ಲ. ಶಿವಮೊಗ್ಗದ ಮೀನಾಕ್ಷಿ ಭವನದಲ್ಲಿ ದೋಸೆ ತಿಂದು ಬೆಳೆದ ನನಗೆ ಮೊದಲ ತುತ್ತಿಗೆ ಎಣ್ಣೆ ಜಾಸ್ತಿ ಅನ್ನಿಸಿತು. ಮೂರನೇ ತುತ್ತಿಗೆ ಆ ತಕರಾರು ಹೋಯಿತು.

ಆದರೆ ಅಲ್ಲಿ ಮೇಜು ನಿಮ್ಮದಲ್ಲ. ನಮ್ಮೆದುರಿಗೆ ಬಸವನಗುಡಿಯ ಅಜ್ಜ ಒಬ್ಬರು ಕೂತರು. 'ಯಾವೂರಮ್ಮ?' ಅಂದರು. ತೀರ್ಥಹಳ್ಳಿ ಅಂದಿದ್ದೇ ತಪ್ಪಾಯ್ತು. ಎಳ್ಳಮಾವಾಸ್ಯೆ ಜಾತ್ರೆಗೆ ಬಂದಿದ್ದು, ರಾಮಕೊಂಡದಲ್ಲಿ ಮಿಂದಿದ್ದು, ತುಂಗೆಯಲ್ಲಿ ಚಪ್ಪಲಿ ತೇಲಿಹೋಗಿದ್ದು, ಎಲ್ಲ ಬಂತು. ಒಳ್ಳೆಯ ಅಜ್ಜ. ದೋಸೆ ಮುಗಿಯುವವರೆಗೆ ನಾವಿಬ್ಬರು ಒಬ್ಬರಿಗೊಬ್ಬರು ಆಡಿದ್ದು ಒಂದೇ ಮಾತು, ಅದೂ ಇವರದ್ದು: 'ಎಂತ ಮಾರಾಯ್ತಿ, ಬಿಸಿ ಇದ್ದಾಗ್ಲೇ ತಿನ್ನು.'

ಸಿಟಿಆರ್‌ನ ಬೆಣ್ಣೆ ಮಸಾಲೆ ಇನ್ನೊಂದು ಜಾತಿಯದು. ಬಣ್ಣ ಕಂದು, ಅಂಚು ಮುರಿದರೆ ಕರಕ್ ಅನ್ನುತ್ತದೆ, ಒಳಗೆ ಮೆತ್ತಗೆ. ಚಟ್ನಿ ಹಸಿರು, ಖಾರವೂ ಸ್ವಲ್ಪ ಇದೆ. ಬರೀ ದೋಸೆಯ ಲೆಕ್ಕದಲ್ಲಿ ಇವರು ಸಿಟಿಆರ್ ಪಕ್ಷ, ನಾನು ವಿದ್ಯಾರ್ಥಿ ಭವನದ ಪಕ್ಷ. ಕೂರುವ ಲೆಕ್ಕದಲ್ಲಿ ಎರಡೂ ಸಮ. ತಟ್ಟೆ ಖಾಲಿಯಾಗುವ ಮೊದಲೇ ಪಕ್ಕದಲ್ಲಿ ಯಾರೋ ಬಂದು ನಿಂತಿರುತ್ತಾರೆ. ಅವರು ಏನೂ ಅನ್ನಲ್ಲ, ಸುಮ್ನೆ ನಿಮ್ಮ ಕಾಫಿ ಲೋಟ ನೋಡುತ್ತಾರೆ.

ಇದಕ್ಕೊಂದು ಉಪಾಯವಿದೆ. ಇಂಥ ಹೋಟೆಲಿಗೆ ಹೋದರೆ ಪಕ್ಕದಲ್ಲಿ ಕೂರುವ ಜಾಗ ಮೊದಲೇ ನೋಡಿಟ್ಟುಕೊಳ್ಳಿ. ಗಾಂಧಿ ಬಜಾರಿನಿಂದ ಕಹಳೆ ಬಂಡೆ ಪಾರ್ಕಿಗೆ ನಡೆದೇ ಹೋಗಬಹುದು. ಪಕ್ಕದಲ್ಲೇ ದೊಡ್ಡ ಬಸವಣ್ಣನ ಗುಡಿ. ಸಿಟಿಆರ್ ಕಡೆ ಕಾಡು ಮಲ್ಲೇಶ್ವರ ದೇವಸ್ಥಾನ ಇದೆ, ಆಟೋ ಹಿಡಿದರೆ ಸ್ಯಾಂಕಿ ಕೆರೆ. ತಿಂಡಿ ಹದಿನೈದು ನಿಮಿಷ, ಮಾತು ಬಂಡೆಯ ಮೇಲೆ. ಈ ಲೆಕ್ಕ ಹಿಡಿದರೆ ಗಾಂಧಿ ಬಜಾರೇ ಮೇಲು. ದೋಸೆ, ಬಂಡೆ, ಹೂವಿನ ಅಂಗಡಿ ಎಲ್ಲ ಕಾಲ್ನಡಿಗೆಯಲ್ಲೇ ಮುಗಿಯುತ್ತದೆ. ಶುಕ್ರವಾರ ಮಾತ್ರ ಹೋಗಬೇಡಿ, ವಿದ್ಯಾರ್ಥಿ ಭವನಕ್ಕೆ ಅವತ್ತು ರಜೆ. ಶನಿವಾರ, ಭಾನುವಾರ ಹೋದರೆ ಬಾಗಿಲಲ್ಲಿ ಕಾಯುವುದೇ ಒಂದು ಕೆಲಸ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಕೂಡ ಪಟ್ಟಿಯಲ್ಲಿತ್ತು. 1965ರಿಂದ ಇದೆ. ಇಡ್ಲಿ, ವಡೆ, ಚಟ್ನಿ ಬಹಳ ಚೆನ್ನ. ನಿಂತುಕೊಂಡು ತಿನ್ನಬೇಕು. ಹೊಸ ರೇಷ್ಮೆ ಸೀರೆ ಉಟ್ಟುಕೊಂಡು ಹೋಗುವ ಜಾಗವಲ್ಲ.

ಮಧ್ಯಾಹ್ನದ ಊಟಕ್ಕೆ ನಾವು ಎದುರುಬದುರು ಇಟ್ಟು ನೋಡಿದ್ದು ಲಾಲ್‌ಬಾಗ್ ರಸ್ತೆಯ ಎಂಟಿಆರ್ ಮತ್ತು ರೆಸಿಡೆನ್ಸಿ ರಸ್ತೆಯ ನಾಗಾರ್ಜುನ. ಒಂದು ನಮ್ಮ ಕರಾವಳಿಯಿಂದ ಹೋದವರು 1924ರಲ್ಲಿ ಶುರು ಮಾಡಿದ ಸಸ್ಯಾಹಾರಿ ಹೋಟೆಲು. ಇನ್ನೊಂದು ಆಂಧ್ರದ ಖಾರದ ಊಟ. ಎಂಟಿಆರ್‌ನಲ್ಲಿ ಊಟಕ್ಕೆ ಹೆಸರು ಕೊಟ್ಟು ಕಾಯಬೇಕು. ಆದರೆ ಒಳಗೆ ಹೋದ ಮೇಲೆ ಯಾರೂ ಅವಸರ ಮಾಡುವುದಿಲ್ಲ. ಊಟವೇ ನಿಧಾನ. ಪಲ್ಯ, ಕೋಸಂಬರಿ, ಬಿಸಿಬೇಳೆ ಬಾತ್, ಅನ್ನ ಸಾರು, ಮೊಸರನ್ನ ಅಂತ ಒಂದಾದ ಮೇಲೊಂದು ಬಡಿಸುತ್ತಾ ಹೋಗುತ್ತಾರೆ. ಕೊನೆಗೆ ಹಣ್ಣು, ಐಸ್‌ಕ್ರೀಮು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಎರಡು ಮಾತಿಗೆ ಸಮಯವಿರುತ್ತದೆ. ಇವರು ಕರಿಬೇವಿನ ಎಲೆಗಳನ್ನು ಆರಿಸಿ ತಟ್ಟೆಯ ಅಂಚಿಗೆ ಒಂದೇ ಸಾಲಲ್ಲಿ ಜೋಡಿಸಿಡುತ್ತಾರೆ ಅಂತ ನನಗೆ ಗೊತ್ತಾಗಿದ್ದು ಅಲ್ಲೇ. 'ಇದೆಂತದು ರೀ, ಗದ್ದೆಗೆ ಸಸಿ ನೆಟ್ಟ ಹಾಗೆ?' ಅಂದೆ. ಅತ್ತೆ ಮನೆಯಲ್ಲಿ ಎಲ್ಲರ ಜೊತೆ ಪಂಕ್ತಿಯಲ್ಲಿ ಉಣ್ಣುವಾಗ ಇದೆಲ್ಲ ಕಾಣಿಸುತ್ತದಾ?

ಎಂಟಿಆರ್‌ನ ರವೆ ಇಡ್ಲಿ ಬಗ್ಗೆಯೂ ಒಂದು ಮಾತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಅಂತ ಅವರು ಹೇಳುತ್ತಾರೆ. ಸಣ್ಣ ಬಟ್ಟಲಲ್ಲಿ ತುಪ್ಪ ಕೊಡುತ್ತಾರೆ, ಇಡ್ಲಿಯ ಮೇಲೆ ಸುರಿದುಕೊಳ್ಳಬೇಕು. ಊಟಕ್ಕೆ ಕಾಯುವ ತಾಳ್ಮೆ ಇಲ್ಲದಿದ್ದರೆ ಬೆಳಿಗ್ಗೆ ಅದನ್ನು ತಿಂದು ಲಾಲ್‌ಬಾಗಿಗೆ ನಡೆಯಿರಿ, ಪಕ್ಕದಲ್ಲೇ ಇದೆ. ಸೋಮವಾರ ಎಂಟಿಆರ್‌ಗೆ ರಜೆ.

ನಾಗಾರ್ಜುನದಲ್ಲಿ ಬಾಳೆ ಎಲೆ ಹಾಸಿ ಪಪ್ಪು, ಪಲ್ಯ, ಪುಡಿ, ತುಪ್ಪ ಬಡಿಸುತ್ತಾರೆ. ಬೇಕಾದರೆ ಚಿಕನ್, ಮಟನ್ ಬೇರೆ ಹೇಳಬೇಕು. ಅನ್ನಕ್ಕೆ ಪುಡಿ, ತುಪ್ಪ ಕಲಸಿ ತಿನ್ನುವ ಸುಖವೇ ಬೇರೆ. ಖಾರವೂ ಹಾಗೇ. ನಮ್ಮ ಕಡೆಯ ಕೋಳಿ ಸಾರಿನ ಖಾರ ಮೆಣಸಿನಕಾಳಿನದು, ನಿಧಾನವಾಗಿ ಗಂಟಲಲ್ಲಿ ಗೊತ್ತಾಗುತ್ತದೆ. ಇಲ್ಲಿಯದು ಕೆಂಪು ಖಾರ, ನಾಲಿಗೆಗೆ ನೇರ ಹೊಡೆಯುತ್ತದೆ. ಇಬ್ಬರಿಗೂ ಕಣ್ಣಲ್ಲಿ, ಮೂಗಲ್ಲಿ ನೀರು. ಫೋಟೊ ತೆಗೆಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ರುಚಿಗೆ ನೂರಕ್ಕೆ ನೂರು. ಆದರೆ ಬಡಿಸುವ ವೇಗ ನೋಡಿದರೆ ಸಮಾರಾಧನೆಯ ಎರಡನೇ ಪಂಕ್ತಿ ಕಾಯುತ್ತಿದೆ ಅನ್ನಿಸುತ್ತದೆ. ಹೊಟ್ಟೆ ಹಸಿದಿದ್ದರೆ ನಾಗಾರ್ಜುನ, ಮಾತು ಬಾಕಿ ಇದ್ದರೆ ಎಂಟಿಆರ್.

ಇನ್ನು ಸಂಜೆ ಮತ್ತು ರಾತ್ರಿ. ಹನಿಮೂನಿನವರ ದುಡ್ಡು ಹೆಚ್ಚಾಗಿ ಹೋಗುವುದು ಇಲ್ಲೇ.

ಇವರ ಆಫೀಸಿನವರ ಪಟ್ಟಿಯಲ್ಲಿ ಮೊದಲಿದ್ದದ್ದು ಒಂದು ರೂಫ್‌ಟಾಪ್ ರೆಸ್ಟೋರೆಂಟ್. ಹೆಸರು ಬೇಡ. 'ಕ್ಯಾಂಡಲ್ ಲೈಟ್ ಡಿನ್ನರ್' ಪ್ಯಾಕೇಜು. ಮೇಜಿನ ಮೇಲೆ ಗುಲಾಬಿ ಪಕಳೆ, ಗಾಳಿಗೆ ನಿಲ್ಲದ ಮೇಣದ ಬತ್ತಿ. ಎಂಟು ಗಂಟೆಗೆ ಡಿಜೆ ಶುರುವಾಯಿತು. ಆಮೇಲೆ ನಮ್ಮ ಸಂಭಾಷಣೆ ಗದ್ದೆಯ ಆ ಬದಿಯಿಂದ ಈ ಬದಿಗೆ ಕೂಗುವ ಮಟ್ಟಕ್ಕೆ ಬಂತು. ಪ್ಯಾಕೇಜ್ ಆದ್ದರಿಂದ ಏನು ತಿನ್ನಬೇಕೆಂದು ಅವರೇ ತೀರ್ಮಾನಿಸಿದ್ದರು. ಸೂಪು ಉಗುರು ಬೆಚ್ಚಗೆ, ಪನೀರು ಅದಕ್ಕಿಂತ ತಣ್ಣಗೆ. ಬಿಲ್ ಬಂದಾಗ ಇವರು ಮನಸ್ಸಲ್ಲೇ ಅಡಿಕೆ ರೇಟು ಲೆಕ್ಕ ಹಾಕಿದ್ದು ಮುಖದಲ್ಲೇ ಗೊತ್ತಾಯಿತು.

ಆ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಅಂತ ಶೇ 10 ಸೇರಿಸಿದ್ದರು. ಹೋಟೆಲಿನವರು ತಾವಾಗಿ ಸರ್ವಿಸ್ ಚಾರ್ಜ್ ಸೇರಿಸಬಾರದು, ಅದು ಗಿರಾಕಿಯ ಇಷ್ಟ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ತೆಗೆಯಿರಿ ಅಂದೆವು, ಮ್ಯಾನೇಜರನ್ನು ಕೇಳಿ ಬಂದು ತೆಗೆದರು. ಹೊಸ ಹೆಂಡತಿಯ ಮುಂದೆ ಬಿಲ್ಲಿಗೆ ತಕರಾರು ಮಾಡುವುದು ಹೇಗೆ ಅಂತ ಗಂಡಸರು ಸುಮ್ಮನಿರುತ್ತಾರೆ. ಅದಕ್ಕೇ ಕೇಳುವ ಕೆಲಸ ಹೆಂಡತಿಯರೇ ವಹಿಸಿಕೊಳ್ಳುವುದು ಒಳ್ಳೆಯದು.

ಅದೇ ದುಡ್ಡಿಗೆ ಸ್ವಲ್ಪ ಸೇರಿಸಿದರೆ ರೆಸಿಡೆನ್ಸಿ ರಸ್ತೆಯ ತಾಜ್ ಬಳಗದ ಹೋಟೆಲಿನಲ್ಲಿರುವ 'ಕರಾವಳಿ'ಯಲ್ಲಿ ಉಣ್ಣಬಹುದು. 1990ರಿಂದ ಇದೆ. ಮಂಗಳೂರು, ಗೋವಾ, ಕೇರಳದ ಕಡಲ ತೀರದ ಅಡುಗೆ. ಹಳೇ ಕಾಲದ ಹಂಚಿನ ಮನೆಯ ಹಾಗೆ ಕಟ್ಟಿದ್ದಾರೆ. ನಾವು ಆಗುಂಬೆ, ಹುಲಿಕಲ್ ಘಾಟಿ ಹತ್ತಿ ಬರುವ ಮೀನು ತಿಂದು ಬೆಳೆದವರು. ಮೀನು ತಾಜಾ ಹೌದೋ ಅಲ್ಲವೋ ಅಂತ ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಇಲ್ಲಿನದು ತಾಜಾ. ಸಾರಿನಲ್ಲಿ ಹುಳಿ ಮುಂದೆ, ಕಾಯಿ ಹಿಂದೆ, ಹದವಾಗಿತ್ತು. ಅಪ್ಪಂ ಅಂಚು ಗರಿ, ನಡು ಹತ್ತಿ. ನೀರುದೋಸೆ ಮಾತ್ರ ತರಿಸಬೇಡಿ, ಅಮ್ಮ ಮಾಡುವುದನ್ನು ಅಷ್ಟು ದುಡ್ಡು ಕೊಟ್ಟು ತಿನ್ನುವಾಗ ಗಂಟಲಲ್ಲಿ ಇಳಿಯುವುದಿಲ್ಲ. ಸಂಗೀತ ಇದ್ದರೂ ಮಾತು ಕೇಳುವಷ್ಟು ಸಣ್ಣಗೆ. ಎಷ್ಟು ಹೊತ್ತು ಕೂತರೂ ಯಾರೂ ಬಂದು ನಿಲ್ಲುವುದಿಲ್ಲ. ಮೊದಲೇ ಫೋನ್ ಮಾಡಿ ಜಾಗ ಹಿಡಿಯುವುದು ಒಳ್ಳೆಯದು. ತೆರಿಗೆಯೂ ಲೆಕ್ಕದಲ್ಲಿರಲಿ. ಸಾಮಾನ್ಯ ಹೋಟೆಲಿನ ಊಟಕ್ಕೆ ಜಿಎಸ್‌ಟಿ ಶೇ 5. ಕೋಣೆ ಬಾಡಿಗೆ 7,500 ರೂಪಾಯಿ ದಾಟುವ ದೊಡ್ಡ ಹೋಟೆಲುಗಳ ಒಳಗಿನ ರೆಸ್ಟೋರೆಂಟಿನಲ್ಲಿ ಶೇ 18. ಮೆನು ನೋಡಿ ಕೂಡಿಸಿದ ಮೊತ್ತಕ್ಕೂ ಬಿಲ್ಲಿಗೂ ಇರುವ ಅಂತರ ಇದೇ.

ಮೂರನೆಯದು ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್. ನೋಡಲು ಏನೂ ಇಲ್ಲ. ಎತ್ತರದ ಮಾಳಿಗೆ, ಫ್ಯಾನು, ಹಳೇ ಮೇಜುಗಳು, ಪೇಪರ್ ಓದುತ್ತಾ ಕೂತ ವಯಸ್ಸಾದವರು. ಬಾರ್ ಕೂಡ ಹೌದು, ಹಾಗಾಗಿ ಅತ್ತೆಗೆ ಹೇಳುವಾಗ ಬರೀ ಕಾಫಿ ಅಂದರೆ ಸಾಕು. ಊಟ ಸಾಧಾರಣ ಅಂತಲೇ ಹೇಳುತ್ತೇನೆ. ಕಟ್ಲೆಟ್, ಟೋಸ್ಟು, ಕಾಫಿಗೆ ಮೋಸವಿಲ್ಲ. ಭಾನುವಾರ ಮಧ್ಯಾಹ್ನ ಅಪ್ಪಂ ಮತ್ತು ಸ್ಟ್ಯೂ ಸಿಗುತ್ತದೆ, ಅದು ಚೆನ್ನ. ಆದರೆ ಎರಡು ಕಾಫಿ ಹೇಳಿ ಮಳೆ ನಿಲ್ಲುವವರೆಗೆ ಕೂತಿದ್ದೆವು. ನಾವು ಕೇಳುವವರೆಗೆ ಬಿಲ್ಲು ಬರಲಿಲ್ಲ. ಬೆಂಗಳೂರಿನ ನಡುಮಧ್ಯೆ ಇಂಥ ಜಾಗ ಇರುವುದೇ ದೊಡ್ಡದು. ತೋಟದ ಕೆಲಸ ನೋಡಿಕೊಂಡು ಊರಲ್ಲೇ ಇರೋದಾ, ಶಿವಮೊಗ್ಗದಲ್ಲಿ ಮನೆ ಮಾಡೋದಾ ಅನ್ನುವ ಮಾತು ನಮ್ಮಿಬ್ಬರ ನಡುವೆ ಮೊದಲು ಬಂದದ್ದು ಅಲ್ಲಿ. ಅರ್ಧ ಜಗಳವೂ ಆಯಿತು. ಎಂ.ಜಿ. ರಸ್ತೆ ಮೆಟ್ರೊ ನಿಲ್ದಾಣದಿಂದ ನಡೆದು ಹೋಗಬಹುದು. ಎಸಿ ಇರುವ ಭಾಗವೂ ಇದೆ, ಆದರೆ ಫ್ಯಾನಿನ ಕಡೆಯೇ ಚೆಂದ.

ಒಂದೇ ರಾತ್ರಿ ಕೈ ಬಿಚ್ಚಿ ಖರ್ಚು ಮಾಡುವುದಾದರೆ ಕರಾವಳಿ. ಉಳಿದ ಸಂಜೆಗಳಿಗೆ ಕೋಶೀಸ್. ಗುಲಾಬಿ ಪಕಳೆಗೆ ದುಡ್ಡು ಹಾಕಬೇಡಿ.

ಮಲ್ಲೇಶ್ವರದ ಹಳ್ಳಿಮನೆಗೆ ಹೋಗಿ ಅಂತ ಚಿಕ್ಕಮ್ಮನ ಮಗಳು ಹೇಳಿದ್ದಳು. ಅಕ್ಕಿ ರೊಟ್ಟಿ ಚೆನ್ನಾಗಿರುತ್ತದಂತೆ. ಮಲೆನಾಡಿಂದ ಹೋಗಿ ಅಕ್ಕಿ ರೊಟ್ಟಿ ತಿನ್ನೋದಾ? ಬಿಟ್ಟೆವು. ವಿ.ವಿ. ಪುರದ ತಿಂಡಿ ಬೀದಿ ರಾತ್ರಿಗೆ ಒಳ್ಳೆಯದು. ಹೋಳಿಗೆ, ಬಜ್ಜಿ, ಗುಲ್ಕನ್ ಅಂತ ಕೈಯಲ್ಲಿ ಹಿಡಿದು ತಿರುಗಬಹುದು. ಜನ ಜಾಸ್ತಿ, ಕೂರಲು ಜಾಗವಿಲ್ಲ. ಜನವರಿಯಲ್ಲಿ ಹೋದರೆ ಸುತ್ತಮುತ್ತ ಅವರೆಕಾಯಿ ಘಮ. ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅಲ್ಲಿನ ವಿ.ಬಿ. ಬೇಕರಿ. ವಾಪಸ್ ಹೊರಡುವ ಹಿಂದಿನ ದಿನ ಮಾವನಿಗೆ ಖಾರ ಬಿಸ್ಕೆಟ್, ನಾದಿನಿಗೆ ದಿಲ್‌ಪಸಂದ್ ಅಲ್ಲೇ ಕಟ್ಟಿಸಿದೆವು. ಎಂಟಿಆರ್ ಪುಡಿ ಪೊಟ್ಟಣ ಹೊತ್ತುಕೊಂಡು ಬರಬೇಡಿ, ಶಿವಮೊಗ್ಗದ ಅಂಗಡಿಗಳಲ್ಲೇ ಸಿಗುತ್ತದೆ. ಕಾಂಗ್ರೆಸ್ ಬನ್ ಮಾತ್ರ ಪಾರ್ಸಲ್ ತರುವ ವಸ್ತುವಲ್ಲ. ಬೆಣ್ಣೆ, ಕಡಲೆಬೀಜ ತುಂಬಿರುತ್ತದೆ, ರೈಲಿನಲ್ಲಿ ಅರಸೀಕೆರೆ ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಅಲ್ಲೇ ನಿಂತು ತಿಂದು ಬನ್ನಿ.