ಮೂರ್ನಾಡಿನ ಬಳಿಯ ಹೋಂಸ್ಟೇ: ಒಂದೇ ಜಗಲಿ, ಎರಡು ಬಾಗಿಲು

ಕೊಡಗಿನ ಮೂರ್ನಾಡಿನ ಆಸುಪಾಸಿನ ಕಾಫಿ ತೋಟದೊಳಗಿರುವ ಈ ಹೋಂಸ್ಟೇಯನ್ನು ನಾವು ಜುಲೈ ಮಧ್ಯದಿಂದ ಒಂದು ತಿಂಗಳ ಮಟ್ಟಿಗೆ ಬಾಡಿಗೆಗೆ ಹಿಡಿದದ್ದು ಪ್ರವಾಸಕ್ಕಾಗಿ ಅಲ್ಲ. ನಾನು ಮಡಿಕೇರಿಯಲ್ಲಿ, ನನ್ನ ಸಂಗಾತಿ ವಿರಾಜಪೇಟೆಯಲ್ಲಿ ಕೆಲಸದಲ್ಲಿದ್ದೇವೆ. ನಡುವೆ ಸುಮಾರು 30 ಕಿಲೋಮೀಟರ್. ಎರಡು ಕಡೆ ಬಾಡಿಗೆ ಕಟ್ಟಿಕೊಂಡು ಮಳೆಯಲ್ಲಿ ಓಡಾಡುವ ಬದಲು ಒಂದೇ ಮನೆ ಮಾಡೋಣ ಎಂಬುದು ಅವರ ವಾದ. ಮದುವೆಯ ಮಾತು ಇತ್ಯರ್ಥವಾಗುವ ಮೊದಲೇ ಒಂದೇ ಸೂರಿನಡಿ ಸೇರಿಬಿಟ್ಟರೆ ಆ ಮಾತನ್ನು ಕುಳಿತು ಆಡುವ ಸಂದರ್ಭವೇ ಬಾರದೆ, ಅಭ್ಯಾಸಬಲದಿಂದಲೇ ಅದು ತೀರ್ಮಾನವಾಗಿಬಿಡುತ್ತದೆ ಎಂಬ ಭಯ ನನ್ನದು.

ಇಂಥ ತಕರಾರು ಹೊತ್ತು ಬಂದವರಿಗೆ ಈ ಮನೆಯ ರಚನೆಯೇ ಉಪಕಾರಿ. ಉದ್ದನೆಯ ಜಗಲಿಗೆ ತೆರೆದುಕೊಳ್ಳುವ ಎರಡು ಕೋಣೆಗಳಿಗೂ ಬೇರೆ ಬೇರೆ ಬಾಗಿಲುಗಳಿವೆ. ಅಡುಗೆಮನೆ, ಬಚ್ಚಲು ಮಾತ್ರ ಒಂದೇ. ಮುನಿಸಿಕೊಂಡ ಸಂಜೆ ಕದ ಹಾಕಿಕೊಳ್ಳಲು ನನಗೊಂದು ಕೋಣೆಯಿತ್ತು. ಮನೆಯೊಡತಿ ಇಬ್ಬರ ಆಧಾರ್ ಪ್ರತಿ ಪಡೆದು, ಮದುವೆಯಾಗಿದೆಯೇ ಎಂದು ಕೇಳದೆ ಬೀಗದ ಕೈ ಕೊಟ್ಟರು. ಇದಕ್ಕೂ ಮೊದಲು ವಿಚಾರಿಸಿದ ಮನೆಯೊಂದರಲ್ಲಿ ಲಗ್ನಪತ್ರಿಕೆ ತೋರಿಸಿ ಎಂದಿದ್ದರು. ವಯಸ್ಕರಿಬ್ಬರು ಒಪ್ಪಿ ಒಟ್ಟಿಗೆ ಬಾಳುವುದು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿಯೇ ಹೇಳಿದೆ. ಮದುವೆಯ ಸ್ವರೂಪದ ಸಂಬಂಧದಲ್ಲಿರುವ ಹೆಣ್ಣಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಇದೆ. ಆದರೆ ಅಮ್ಮನ ಮುಂದೆ ಕಾಯ್ದೆಯ ಮಾತೆತ್ತಲು ನನಗಿನ್ನೂ ಬಾಯಿ ಬಂದಿಲ್ಲ.

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳಾದ ಕಕ್ಕಡದ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ. ಬಚ್ಚಲೊಲೆಯ ಮೇಲೆ ಕಟ್ಟಿದ ಬಿದಿರಿನ ಗಳದಲ್ಲಿ ಹರವಿದ ಬಟ್ಟೆಗಳನ್ನು ರಾತ್ರಿ ಒಮ್ಮೆ ಎದ್ದು ತಿರುವಿ ಹಾಕಬೇಕು. ಇಲ್ಲದಿದ್ದರೆ ಒಂದು ಬದಿ ಹೊಗೆಯ ವಾಸನೆ, ಇನ್ನೊಂದು ಬದಿ ಮುಗ್ಗಲು. ಮೊದಲ ಹತ್ತು ದಿನ ಎದ್ದವಳು ನಾನೇ. ಹೇಳಿದ ಮೇಲೆ ಅವರೂ ಏಳತೊಡಗಿದರು. ಹೇಳಬೇಕಾಗಿ ಬಂದದ್ದು ನನಗೆ ನೋವು, ಹೇಳಿದೊಡನೆ ಎದ್ದದ್ದನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲವೆಂಬುದು ಅವರಿಗೆ ನೋವು. ವಾರಕ್ಕೆರಡು ದಿನ ಭೇಟಿಯಾಗುತ್ತಿದ್ದಾಗ ಈ ಮಾತು ನಮ್ಮ ನಡುವೆ ಬಂದಿರಲೇ ಇಲ್ಲ.

ಆಗಸ್ಟ್ 3, ಕೊಡಗಿನಲ್ಲಿ ಮದ್ದುಸೊಪ್ಪೆಂಬ ಔಷಧೀಯ ಸೊಪ್ಪಿನ ಅಡುಗೆ ಉಣ್ಣುವ ಕಕ್ಕಡ ಹದಿನೆಂಟರಂದು, ಮನೆಯೊಡತಿ ಆ ಸೊಪ್ಪಿನ ರಸದಲ್ಲಿ ಕಡು ನೇರಳೆಗೆ ತಿರುಗಿದ ಪಾಯಸವನ್ನು ಎರಡು ಬಟ್ಟಲುಗಳಲ್ಲಿ ತಂದು, ಎರಡೂ ಬಾಗಿಲುಗಳನ್ನು ಬೇರೆ ಬೇರೆಯಾಗಿ ತಟ್ಟಿ ಕೊಟ್ಟರು. ಆ ಸೂಕ್ಷ್ಮತೆಗೆ ನಾನು ಋಣಿ.

ತಿಂಗಳು ಮುಗಿದಾಗಲೂ ನಾವು ಒಮ್ಮತಕ್ಕೆ ಬಂದಿರಲಿಲ್ಲ. ಅವರು ವಿರಾಜಪೇಟೆಗೆ, ನಾನು ಮಡಿಕೇರಿಗೆ ಮರಳಿದೆವು. ಆದರೆ ಮದುವೆಯ ಮಾತನ್ನು ಆ ಜಗಲಿಯಲ್ಲಿ ಕುಳಿತು ಮೂರು ಸಲ ನೇರವಾಗಿ ಆಡಿದ್ದೇವೆ, ಮಳೆಗಾಲ ಮುಗಿದ ಮೇಲೆ ಇಬ್ಬರ ಮನೆಯಲ್ಲಿಯೂ ಆಡಲಿದ್ದೇವೆ.

ಬಾಡಿಗೆ 16,000 ರೂಪಾಯಿ, ಸೌದೆಗೆ ಪ್ರತ್ಯೇಕ. ಇನ್ವರ್ಟರ್ ದೀಪಕ್ಕಷ್ಟೇ ಸಾಲುತ್ತದೆ, ನೀರಿನ ಪಂಪಿಗಲ್ಲ. ನಾಲ್ಕು ದಿನ ಕರೆಂಟ್ ಇಲ್ಲದಾಗ ಬಾವಿಯಿಂದ ಸೇದಿಯೇ ನೀರು ತುಂಬಿಸಿದೆವು. ಮಳೆಗಾಲದಲ್ಲಿ ಹೋಗುವವರು ಈ ವಿಷಯವನ್ನು ಮುಂಗಡ ಕೊಡುವ ಮೊದಲೇ ಮಾತನಾಡಿಕೊಳ್ಳಬೇಕು.